ಈ ಕಲೆ ಯಾವ ಧೂಳಿನದು? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾರುಗಳಿಗೆ ದೋಷ ನಿವಾರಣೆ ಕೈಪಿಡಿ

ತೊಳೆದ ಮಾರನೇ ದಿನವೇ ಕಾರು ಮತ್ತೆ ಕೆಂಪಾಯಿತು ಅಂತ ಬಳ್ಳಾರಿಯಲ್ಲಿ ಯಾರೂ ದೂರುವುದಿಲ್ಲ. ಅದು ರೂಢಿಯಾಗಿದೆ. ಜನ ಕೇಳುವುದು ಬೇರೆ. ಎಷ್ಟು ತೊಳೆದರೂ ಕಂದು ಚುಕ್ಕೆ ಯಾಕೆ ಹೋಗುವುದಿಲ್ಲ? ತೊಳೆದ ಮೇಲೇ ಬಿಳಿ ಕಲೆ ಯಾಕೆ ಜಾಸ್ತಿ? ಗ್ಲಾಸ್ ಏರಿಸಿದ್ದರೂ ಡಿಕ್ಕಿಯೊಳಗೆ ಧೂಳು ಹೇಗೆ ಬಂತು? ಎಸಿ ಹಾಕಿದರೆ ಹಳೇ ಚೀಲದ ವಾಸನೆ ಯಾಕೆ?

ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆದರೆ ವಾಟರ್ ಸರ್ವಿಸ್‌ಗೆ ಗಾಡಿ ಬಿಟ್ಟರೆ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಮದ್ದು. ಜೋರು ನೀರು, ಶಾಂಪೂ, ಅದಕ್ಕೂ ಬಗ್ಗದಿದ್ದರೆ "ಸ್ವಲ್ಪ ಆಸಿಡ್ ಹಾಕ್ಲೇನ್ರಿ ಅಣ್ಣಾ?" ಅನ್ನುವ ಪ್ರಶ್ನೆ. ದಯವಿಟ್ಟು ಬೇಡ ಅನ್ನಿ. ಕಲೆ ಯಾವುದು ಅಂತ ಗೊತ್ತಾಗುವ ಮೊದಲು ಉಜ್ಜುವುದರಿಂದಲೇ ನಮ್ಮ ಕಡೆ ಎಷ್ಟೋ ಗಾಡಿಗಳ ಬಣ್ಣ ಹಾಳಾಗಿದೆ.

ನಮ್ಮ ಮೂರು ಜಿಲ್ಲೆಗಳ ಧೂಳು ಒಂದೇ ಜಾತಿಯದಲ್ಲ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಅದಿರಿನ ಕೆಂಪು ಪುಡಿ. ಗಿಣಿಗೇರಾ ಸುತ್ತ ಕಬ್ಬಿಣದ ಕಾರ್ಖಾನೆಗಳ ಕಪ್ಪು ಧೂಳು. ಕುಡತಿನಿ ಮತ್ತು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಗಳ ಕಡೆ ಹಾರುಬೂದಿ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಎರೆಮಣ್ಣು, ಭತ್ತದ ಹೊಟ್ಟು. ಹಾಗಾಗಿ ನಿಮ್ಮ ಗಾಡಿ ಎಲ್ಲಿ ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೇ ಮೊದಲು ಯೋಚಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೋಗದ ಕಂದು ಚುಕ್ಕೆಗಳು

ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಕಪ್ಪು ಕಾರಲ್ಲೂ ಇರುತ್ತದೆ, ಕಾಣುವುದಿಲ್ಲ ಅಷ್ಟೇ.

ಮೊದಲು ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಬರೀ ನೀರು ಹಾಯಿಸಿ ಮೇಲಿನ ಧೂಳು ತೆಗೆಯಿರಿ. ಒದ್ದೆ ಬೆರಳಲ್ಲಿ ಒಂದು ಚುಕ್ಕೆಯನ್ನು ಮೆಲ್ಲಗೆ ಒರೆಸಿ. ಬೆರಳಿಗೆ ಕೆಂಪು ಬಂದು ಚುಕ್ಕೆ ಹೋದರೆ ಅದು ಅದಿರಿನ ಪುಡಿ. ಅದಿರು ಅಂದರೆ ಆಗಲೇ ತುಕ್ಕಿನ ರೂಪದಲ್ಲಿರುವ ಕಬ್ಬಿಣ. ಅದು ಮತ್ತೆ ತುಕ್ಕು ಹಿಡಿಯುವುದಿಲ್ಲ, ಬಣ್ಣಕ್ಕೆ ಕಚ್ಚುವುದು ಕಡಿಮೆ. ಸರಿಯಾಗಿ ತೊಳೆದರೆ ಸಾಕು.

ಚುಕ್ಕೆ ಹೋಗದಿದ್ದರೆ ಇನ್ನೊಂದು ಪರೀಕ್ಷೆ ಇದೆ. ತರಕಾರಿ ತರುವ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ. ತೊಳೆದು ಇನ್ನೂ ಒದ್ದೆ ಇರುವ ಬಾನೆಟ್ ಮೇಲೆ ಬೆರಳ ತುದಿಯನ್ನು ಹಗುರವಾಗಿ ಸರಿಸಿ. ಬರಿಗೈಗೆ ನುಣ್ಣಗೆ ಅನಿಸಿದ ಜಾಗವೇ ಕವರ್ ಹಾಕಿದಾಗ ಸಣ್ಣ ರವೆ ಚೆಲ್ಲಿದ ಹಾಗೆ ಗೊರಗೊರ ಅನ್ನುತ್ತದೆ. ಬೆರಳಿಗೂ ಬಣ್ಣಕ್ಕೂ ನಡುವಿನ ತಿಕ್ಕಾಟ ಕಡಿಮೆಯಾಗಿ ಸಣ್ಣ ಉಬ್ಬೂ ತಿಳಿಯುತ್ತದೆ. ಕಂದು ಚುಕ್ಕೆ ಗೊರಗೊರ ಅಂದರೆ ಲೋಹದ ಕಬ್ಬಿಣದ ಕಣ ಬಣ್ಣದ ಮೇಲ್ಪದರದಲ್ಲಿ ಹೂತಿರುವ ಸಾಧ್ಯತೆ ಹೆಚ್ಚು. ಬಿಸಿಲಲ್ಲಿ ಕಾದು, ರಾತ್ರಿಯ ತೇವ ಕುಡಿದು, ಕೂತಲ್ಲೇ ತುಕ್ಕು ಹಿಡಿಯುತ್ತದೆ. ಸುತ್ತಲೂ ಕಂದು ಉಂಗುರ ಮೂಡುತ್ತದೆ.

ಅದು ಎಲ್ಲಿಂದ ಬಂತು ಅಂತ ಚುಕ್ಕೆ ಇರುವ ಜಾಗವೇ ಹೇಳುತ್ತದೆ. ಛಾವಣಿ, ಬಾನೆಟ್ ಮೇಲೆ ಸಮನಾಗಿ ಇದ್ದರೆ ಗಾಳಿಯಿಂದ ಬಿದ್ದದ್ದು. ಕಾರ್ಖಾನೆ ಹತ್ತಿರವೋ ರೈಲ್ವೆ ಯಾರ್ಡ್ ಪಕ್ಕವೋ ನಿಲ್ಲಿಸುತ್ತೀರಿ. ಚಕ್ರದ ಹಿಂದೆ, ಬಾಗಿಲಿನ ಕೆಳಭಾಗದಲ್ಲೇ ಇದ್ದರೆ ನಿಮ್ಮದೇ ಬ್ರೇಕಿನ ಪುಡಿ. ಒಂದೇ ಪಕ್ಕದಲ್ಲಿ ದಟ್ಟವಾಗಿದ್ದರೆ ಹತ್ತಿರದಲ್ಲಿ ಗ್ರಿಲ್ ಕೆಲಸ, ಗ್ರೈಂಡಿಂಗ್ ನಡೆಯುತ್ತಿದೆಯಾ ನೋಡಿ. ಜಾಗ ಬದಲಿಸದೆ ಬರೀ ಚುಕ್ಕೆ ತೆಗೆದರೆ ಮುಂದಿನ ತಿಂಗಳು ಅದೇ ಕೆಲಸ ಮತ್ತೆ.

ತೆಗೆಯಲು ಐರನ್ ರಿಮೂವರ್ ಅಂತ ಕಾರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕ ಇರುತ್ತದೆ. ಕಬ್ಬಿಣ ಸಿಕ್ಕ ಕಡೆಯಲ್ಲೆಲ್ಲ ನೇರಳೆ ಬಣ್ಣ ತಿರುಗಿ ಕೆಳಗಿಳಿಯುತ್ತದೆ. ನೇರಳೆ ಇಳಿದರೆ ರೋಗ ಪತ್ತೆಯೂ ಆಯಿತು, ಮದ್ದೂ ಆಯಿತು. ಬಣ್ಣವೇ ತಿರುಗದಿದ್ದರೆ ನೀವು ಬೇರೆ ಯಾವುದೋ ಕಲೆಯ ಜೊತೆ ಗುದ್ದಾಡುತ್ತಿದ್ದೀರಿ, ಅಲ್ಲಿಗೇ ನಿಲ್ಲಿಸಿ. ಗ್ಲೌಸ್ ಹಾಕಿಕೊಳ್ಳಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಗಾಬರಿ ಬೇಡ. ಬಾನೆಟ್ ತಣ್ಣಗಿರಬೇಕು, ದ್ರವ ಒಣಗಲು ಬಿಡಬಾರದು. ಬಾಟಲಿ ಮೇಲೆ ಬರೆದಷ್ಟು ನಿಮಿಷ ಬಿಟ್ಟು ಚೆನ್ನಾಗಿ ನೀರು ಹಾಯಿಸಿ. ಆಮೇಲೂ ಗೊರಗೊರ ಉಳಿದರೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಅಂಟಿದ ಕಣ ಎತ್ತುವ ಜೇಡಿಯಂಥ ಮೆತ್ತನೆಯ ಉಂಡೆ, ಬಳಸಬಹುದು. ಶಾಂಪೂ ನೀರು ಧಾರಾಳವಾಗಿ ಹಾಕಿ ಜಾರಿಸಬೇಕು, ಒತ್ತಬಾರದು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ನಮ್ಮ ನೆಲದ ಒಂದು ಹರಳು ಅಂಟಿದರೂ ಸಾಕು, ಬಾನೆಟ್ ಮೇಲೆ ಗೆರೆ ಖಾಯಂ.

ಚುಕ್ಕೆಯ ನಡುವೆ ಬಣ್ಣ ಹಾರಿದ ಗುರುತಿದ್ದರೆ ಅದು ಟಿಪ್ಪರ್ ಎಸೆದ ಕಲ್ಲಿನ ಪೆಟ್ಟು. ಬಣ್ಣ ಗುಳ್ಳೆಯಂತೆ ಎದ್ದಿದ್ದರೆ ಒಳಗಿನ ತಗಡಿಗೇ ತುಕ್ಕು. ಈ ಎರಡಕ್ಕೂ ತೊಳೆಯುವುದು ಉತ್ತರವಲ್ಲ. ಮೊದಲನೆಯದಕ್ಕೆ ಮಳೆಗಾಲಕ್ಕೆ ಮುಂಚೆ ಟಚ್‌ಅಪ್ ಬಣ್ಣ ಹಚ್ಚಿ, ಎರಡನೆಯದನ್ನು ಪೇಂಟಿಂಗ್ ಮಾಡುವವರಿಗೆ ತೋರಿಸಿ.

ಆಸಿಡ್ ಬೇಡ ಅಂದೆ. ಬಾತ್‌ರೂಮ್ ತೊಳೆಯುವ ಆಸಿಡ್ ಚುಕ್ಕೆಯನ್ನು ಕರಗಿಸುವುದು ನಿಜ. ಅದರ ಜೊತೆಗೆ ಮೇಲ್ಪದರದ ಹೊಳಪು, ಕ್ರೋಮ್, ಅಲಾಯ್ ಚಕ್ರ ಎಲ್ಲವನ್ನೂ ತಿನ್ನುತ್ತದೆ. ಮೊದಲ ದಿನ ಫಳಫಳ, ಕೆಲವು ತಿಂಗಳಲ್ಲಿ ಮಂಕು.

ಗಟ್ಟಿಯಾದ ಬೂದಿ ಪದರ

ಶಕ್ತಿನಗರದ ಸ್ಥಾವರ 1,720 ಮೆಗಾವಾಟ್‌ನದು, ಉರಿಸುವುದು ಕಲ್ಲಿದ್ದಲು. ಅಂಥ ಕಡೆ ನಿಂತ ಗಾಡಿಯ ಮೇಲಿನ ಬೂದಿಯನ್ನು ಬೆರಳಲ್ಲಿ ಮುಟ್ಟಿದರೆ ಟಾಲ್ಕಮ್ ಪೌಡರ್‌ನಷ್ಟು ನಯ. ಅದೇ ಮೋಸ. ಅದರಲ್ಲಿ ಇರುವುದು ಬಹುಪಾಲು ಸಿಲಿಕಾ, ಅಲ್ಯೂಮಿನಾ. ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಪಾಲಿಷ್ ಅಲ್ಲ, ಗೀರು. ಸಿಮೆಂಟಿಗೂ ಇಟ್ಟಿಗೆಗೂ ಈ ಬೂದಿಯನ್ನು ಬೆರೆಸುವುದು ಸುಣ್ಣ, ನೀರಿನ ಜೊತೆ ಅದು ಗಟ್ಟಿಯಾಗುತ್ತದೆ ಅಂತಲೇ. ಹೊಸ ಕಟ್ಟಡದ ಪಕ್ಕ ಗಾಡಿ ನಿಲ್ಲಿಸಿ ಸಿಮೆಂಟ್ ಧೂಳೂ ಸೇರಿ, ಮೇಲೆ ತುಂತುರು ಮಳೆ ಬಂದರೆ ಪದರ ಕಟ್ಟುತ್ತದೆ. ಮಳೆ ಬರುವ ಸೂಚನೆ ಕಂಡರೆ ಬೂದಿಯನ್ನು ಮೊದಲೇ ನೀರಲ್ಲಿ ಇಳಿಸಿಬಿಡಿ. ಪದರ ಕಟ್ಟಿಬಿಟ್ಟಿದ್ದರೆ ಒದ್ದೆ ಬಟ್ಟೆ ಹಾಸಿ ಚೆನ್ನಾಗಿ ನೆನೆಸಿ, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತಿಗೇ ತೊಳೆಯಿರಿ. ಉಗುರು, ಬ್ಲೇಡ್ ಹಾಕಬೇಡಿ.

ತೊಳೆದ ಮೇಲೆ ಬರುವ ಬಿಳಿ ಕಲೆ

ಇದು ಧೂಳಿನ ತಪ್ಪಲ್ಲ, ನೀರಿನದು. ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ನಿಮ್ಮ ಬೋರ್ ನೀರಿನ ಒಂದು ಹನಿ, ಕುಡಿಯುವ ಫಿಲ್ಟರ್ ನೀರಿನ ಒಂದು ಹನಿ, ಪಕ್ಕಪಕ್ಕ ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ತಟ್ಟೆಯನ್ನು ಓರೆ ಮಾಡಿ ನೋಡಿ. ಬೋರ್ ಹನಿ ಇದ್ದ ಕಡೆ ಬಿಳಿ ಬಳೆ ಕಾಣುತ್ತದೆ, ಅಂಚಲ್ಲಿ ದಪ್ಪ, ನಡುವೆ ತೆಳು. ಅದೇ ಬಳೆ ನಿಮ್ಮ ಗ್ಲಾಸ್ ಮೇಲೂ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ನಮ್ಮ ಕಡೆಯ ಎಷ್ಟೋ ಬೋರ್‌ಗಳ ಸವಳು ನೀರು ಎಂಥದ್ದು ಅಂತ ಪಾತ್ರೆ ತೊಳೆಯುವವರನ್ನು ಕೇಳಿದರೆ ಸಾಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಗೆ ಹೋಗುವ ನೀರು ಸುಮ್ನೆ ಹರಿದು ಹೋಗುತ್ತದಲ್ಲ ಅಂತ ಅದರಲ್ಲೇ ಗಾಡಿ ತೊಳೆಯುವವರಿದ್ದಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಆ ನೀರಲ್ಲಿ ಲವಣ ಮೂಲ ಬೋರ್ ನೀರಿಗಿಂತ ಜಾಸ್ತಿ. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಅಂಗಳ ತೊಳೆಯಲು, ಮ್ಯಾಟ್ ತೊಳೆಯಲು ಬಳಸಿ, ಬಣ್ಣಕ್ಕೆ ಬೇಡ. ಬದಲಿಗೆ ತೊಳೆಯುವುದನ್ನೆಲ್ಲ ಬೋರ್ ನೀರಲ್ಲೇ ಮುಗಿಸಿ, ಕೊನೆಗೆ ಮೇಲಿನಿಂದ ಒಂದು ಬಕೆಟ್ ಶುದ್ಧ ನೀರು ಮಾತ್ರ ಸುರಿಯಿರಿ. ಕೂಡಲೇ ಮೈಕ್ರೋಫೈಬರ್ ಬಟ್ಟೆಯನ್ನು ಮೆಲ್ಲಗೆ ಒತ್ತಿ ನೀರು ಹೀರಿಸಿ. ಹನಿ ತಾನೇ ಒಣಗಲು ಬಿಟ್ಟರೆ ಕಲೆ ಖಂಡಿತ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದು ಬಾಗಿಲು ತೊಳೆಯುವಷ್ಟರಲ್ಲಿ ಇನ್ನೊಂದು ಒಣಗಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಮುಗಿಸಿ. ತುಂಗಭದ್ರಾ ಕಾಲುವೆಗೆ ಗಾಡಿ ಇಳಿಸಿ ತೊಳೆಯುವುದನ್ನಂತೂ ಬಿಟ್ಟುಬಿಡಬೇಕು. ಕೆಳಗಿನ ಊರಿನವರು ಕುಡಿಯುವುದೂ ಅದೇ ನೀರು.

ಈಗಾಗಲೇ ಇರುವ ಕಲೆಗೆ ಮೊದಲು ವಿನೆಗರ್ ನೀರು. ಗ್ಲಾಸ್ ಮೇಲೆ ಬಟ್ಟೆ ನೆನೆಸಿ ಐದು ನಿಮಿಷ ಬಿಡಬಹುದು. ಬಣ್ಣದ ಮೇಲೆ ಒಂದೆರಡು ನಿಮಿಷ ಸಾಕು, ಆಮೇಲೆ ನೀರು. ಕಲೆ ಹೋದ ಹಾಗೆ ಕಂಡು, ಒಣಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಕಂಡರೆ ಲವಣ ಗಾಜನ್ನು ಕೊರೆದಿದೆ. ಆಗ ಸೀರಿಯಂ ಆಕ್ಸೈಡ್ ಅನ್ನುವ ಗಾಜು ಉಜ್ಜುವ ಪುಡಿ ಹಾಕಿ ಗ್ಲಾಸ್ ಪಾಲಿಷ್ ಮಾಡಿಸಬೇಕು. ಬಣ್ಣದಲ್ಲೂ ಹಾಗೇ ಉಳಿದಿದ್ದರೆ ಪಾಲಿಷ್ ಮಾಡುವವರ ಕೆಲಸ. ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ 20ನೇ ಒಂದು ಭಾಗದಷ್ಟು ಮಾತ್ರ. ಪದೇಪದೇ ಪಾಲಿಷ್ ಹೊಡೆಸಿದರೆ ಉಳಿಯುವುದೇನು?

ಬಿಸಿಲಲ್ಲಿ ಕಾಣುವ ಜೇಡರ ಬಲೆ

ಮೊಬೈಲ್ ಟಾರ್ಚ್ ಹಿಡಿದಾಗ ಬೆಳಕಿನ ಸುತ್ತ ಉಂಗುರ ಉಂಗುರವಾಗಿ ಗೀರು ಕಂಡರೆ ಸಾಮಾನ್ಯವಾಗಿ ಕಾರಣ ಒಂದೇ: ಒಣ ಧೂಳನ್ನು ಒರೆಸಿದ್ದಾರೆ. ಅದಿರಿನ ಪುಡಿ, ಮರಳು ಎರಡೂ ಬಣ್ಣಕ್ಕಿಂತ ಗಡಸು. ಬೆಳಿಗ್ಗೆ ಬಟ್ಟೆ ಹೊಡೆದು ಧೂಳು ಕೊಡವುವ ಅಭ್ಯಾಸ ನಮ್ಮ ಕಡೆ ನಿಲ್ಲಬೇಕು. ನೀರಿಲ್ಲದ ದಿನ ಗಾಡಿ ಧೂಳಲ್ಲೇ ಇರಲಿ, ಪರವಾಗಿಲ್ಲ. ಡೀಸೆಲ್ ಬಟ್ಟೆಯಲ್ಲಿ ಒರೆಸಿ ಮಿರಿಮಿರಿ ಮಾಡುವುದು ಇನ್ನೂ ಕೆಟ್ಟದ್ದು. ಎಣ್ಣೆ ಜಿಡ್ಡಿಗೆ ಧೂಳು ಮತ್ತಷ್ಟು ಅಂಟುತ್ತದೆ, ರಬ್ಬರ್ ಉಬ್ಬುತ್ತದೆ. ಬಟ್ಟೆ ಒಗೆಯುವ ಪುಡಿಯೂ ಬೇಡ, ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸ್ ಇದ್ದರೆ ಕಿತ್ತು ಬರುತ್ತದೆ.

ಗ್ಲಾಸ್ ಏರಿಸಿದ್ದರೂ ಒಳಗೆ ಧೂಳು

ಇದರ ಪತ್ತೆಗೆ ಸ್ವಲ್ಪ ತಾಳ್ಮೆ ಬೇಕು. ಒಳಗೆ ಪೂರ್ತಿ ಒರೆಸಿ ಸ್ವಚ್ಛ ಮಾಡಿ, ಮಣ್ಣಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬಂದ ತಕ್ಷಣ ಒರೆಸಬೇಡಿ, ನೋಡಿ. ಧೂಳು ಡ್ಯಾಶ್‌ಬೋರ್ಡಿನ ಎಸಿ ಕಿಂಡಿಗಳ ಸುತ್ತ ಇದೆಯಾ? ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತುಂಬಿದೆ, ಹರಿದಿದೆ, ಇಲ್ಲವೇ ಯಾರೋ ಹಾಕದೇ ಬಿಟ್ಟಿದ್ದಾರೆ. ಬಾಗಿಲಿನ ಚೌಕಟ್ಟಿನಲ್ಲಿ ಗೆರೆ ಎಳೆದಂತೆ ಇದೆಯಾ? ಬೀಡಿಂಗ್ ರಬ್ಬರ್ ಸಡಿಲ. ಡಿಕ್ಕಿಯಲ್ಲೇ ಜಾಸ್ತಿಯಾ? ಹಿಂಬಾಗಿಲ ರಬ್ಬರ್, ಅಥವಾ ಸ್ಟೆಪ್ನಿ ಕೆಳಗಿನ ರಬ್ಬರ್ ಮುಚ್ಚಳ ಬಿದ್ದುಹೋಗಿದೆ.

ರಬ್ಬರ್ ಪರೀಕ್ಷೆಗೆ ಸೀಮೆಸುಣ್ಣ ಸಾಕು. ಬೀಡಿಂಗ್ ಉದ್ದಕ್ಕೂ ಸೀಮೆಸುಣ್ಣ ಉಜ್ಜಿ, ಬಾಗಿಲು ಹಾಕಿ ತೆಗೆಯಿರಿ. ಎದುರಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲೇ ಸಂದು. ಒಂದು ಕಾಗದದ ಚೂರನ್ನು ಅಲ್ಲಿಟ್ಟು ಬಾಗಿಲು ಹಾಕಿ ಎಳೆದು ನೋಡಿ, ತಡೆಯಿಲ್ಲದೆ ಬಂದರೆ ಸಂದೇಹವೇ ಬೇಡ. ಬಿಸಿಲಿಗೆ ರಬ್ಬರ್ ಒಣಗಿ ಚಪ್ಪಟೆಯಾಗಿರುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಸುಧಾರಿಸದಿದ್ದರೆ ಹೊಸದು ಹಾಕಿಸಿ.

ಎಲ್ಲ ರಬ್ಬರ್ ಸರಿಯಿದ್ದೂ ಧೂಳು ಬಂದರೆ ನಿಮ್ಮ ಓಡಿಸುವ ಅಭ್ಯಾಸ ನೋಡಬೇಕು. ಓಡುವ ಗಾಡಿಯ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಮುಂದಿನ ಕಿಟಕಿ ಸ್ವಲ್ಪ ಇಳಿಸಿದ್ದರೆ ಒಳಗಿನ ಒತ್ತಡ ಇಳಿದು, ಹಿಂದಿನ ಸಂದುಗಳಿಂದ ಧೂಳನ್ನು ಗಾಡಿಯೇ ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಕಿಟಕಿ ಪೂರ್ತಿ ಏರಿಸಿ, ಫ್ಯಾನ್ ಎರಡರಲ್ಲಿಟ್ಟು ಹೊರಗಿನ ಗಾಳಿಯನ್ನು ಫಿಲ್ಟರ್ ಮೂಲಕ ತೆಗೆದುಕೊಳ್ಳಿ. ಒಳಗೆ ಒತ್ತಡ ಜಾಸ್ತಿಯಿದ್ದರೆ ಸಂದಿನಿಂದ ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಅದಿರಿನ ಟಿಪ್ಪರ್ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ದಾಟಿದ ಮೇಲೆ ತೆಗೆಯಿರಿ. ಕುಡತಿನಿ, ತೋರಣಗಲ್ಲು ದಾರಿಯಲ್ಲಿ ದಿನಾ ಓಡಾಡುವವರು ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಫಿಲ್ಟರ್ ಕಾಯಬಾರದು. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ. ಕೈಯಲ್ಲೇ ತೆಗೆದು ಬೆಳಕಿಗೆ ಹಿಡಿಯಿರಿ, ಬೆಳಕು ಬಾರದಿದ್ದರೆ ಬದಲಿಸಿ.

ಒಳಗಿನ ಗ್ಲಾಸ್ ಮಂಕು, ಡ್ಯಾಶ್‌ಬೋರ್ಡ್ ಜಿಡ್ಡು

ರಾತ್ರಿ ಎದುರು ಗಾಡಿಯ ಬೆಳಕಿಗೆ ಗ್ಲಾಸ್ ಮಸುಕಾದರೆ ಒಳಗಡೆ ಬೆರಳಾಡಿಸಿ. ಗೆರೆ ಮೂಡಿತಾ? ಹಾಗಾದರೆ ಕೊಳೆ ಒಳಗಿನದು. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಆವಿಯಾಗಿ ಹೊರಟ ಜಿಡ್ಡು ಗ್ಲಾಸಿಗೆ ಕೂರುತ್ತದೆ. ಮೇಲೆ ಹೊಳಪಿನ ಸಿಲಿಕೋನ್ ಎಣ್ಣೆ ಬಳಿದಿದ್ದರೆ ಇನ್ನೂ ಜಾಸ್ತಿ. ಆ ಎಣ್ಣೆಗೇ ಕೆಂಪು ಧೂಳು ಅಂಟಿ ಕೆಸರಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳಿಗೆ ಹೊಳೆಯುವ ಡ್ಯಾಶ್‌ಬೋರ್ಡ್ ಪಾಲಿಷ್ ಬೇಡವೇ ಬೇಡ. ಹಿಂಡಿದ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ, ಬೇಕಾದರೆ ಹೊಳಪಿಲ್ಲದ ನೀರಿನ ಆಧಾರದ ಯುವಿ ರಕ್ಷಕ. ನಿಲ್ಲಿಸಿದಾಗ ಮುಂದಿನ ಗ್ಲಾಸಿಗೆ ಬಿಸಿಲು ಪರದೆ ಹಾಕಿ. ಬೇರೆ ಯಾವ ಬಾಟಲಿಗಿಂತ ಅದೇ ಒಳ್ಳೆಯ ರಕ್ಷಣೆ.

ಜಿಡ್ಡು ಒರೆಸಿದ ಒಂದೆರಡು ದಿನಕ್ಕೇ ಮತ್ತೆ ಬಂದು, ಜೊತೆಗೆ ಸಿಹಿ ವಾಸನೆಯೂ ಇದ್ದರೆ ಹುಷಾರು. ಹೀಟರ್‌ನಿಂದ ಕೂಲೆಂಟ್ ಸೋರುತ್ತಿರಬಹುದು. ಕೂಲೆಂಟ್ ಮಟ್ಟ ನೋಡಿ, ಮೆಕ್ಯಾನಿಕ್‌ಗೆ ತೋರಿಸಿ.

ಹಳೇ ಚೀಲದ ವಾಸನೆ, ಒದ್ದೆ ಮ್ಯಾಟ್

ಎಸಿ ಹಾಕಿ ಹತ್ತು ನಿಮಿಷ ನಿಂತ ಗಾಡಿಯ ಕೆಳಗೆ ನೋಡಿ. ನೀರು ತೊಟ್ಟಿಕ್ಕಬೇಕು. ಬೇಸಿಗೆಯ ಒಣ ಗಾಳಿಯಲ್ಲಿ ಕಡಿಮೆ ಇರಬಹುದು, ಮಳೆಗಾಲದಲ್ಲಿ ತೊಟ್ಟಿಕ್ಕಲೇಬೇಕು. ಇಲ್ಲದಿದ್ದರೆ, ಮುಂದಿನ ಮ್ಯಾಟ್ ಎತ್ತಿದಾಗ ಒದ್ದೆಯೂ ಇದ್ದರೆ, ಎಸಿ ನೀರು ಹೊರಹೋಗುವ ಪೈಪಿಗೆ ಮಣ್ಣು ಕಟ್ಟಿದೆ. ಒಳಗೆ ನಿಂತ ತೇವಕ್ಕೆ ಬೂಷ್ಟು ಬಂದು ವಾಸನೆ. ಸುಗಂಧದ ಡಬ್ಬಿ ಇಟ್ಟರೆ ಎರಡು ವಾಸನೆ ಆಗುತ್ತದೆ ಅಷ್ಟೇ. ಪೈಪ್ ಬಿಡಿಸಿ, ಫಿಲ್ಟರ್ ಬದಲಿಸಿ, ಮ್ಯಾಟ್ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಆರಿಸಿ ಬರೀ ಫ್ಯಾನ್ ಬಿಟ್ಟರೆ ಒಳಭಾಗ ಒಣಗುತ್ತದೆ.

ಪೈಪ್ ಸರಿಯಿದ್ದು ಮಳೆ ಬಂದಾಗ ಮಾತ್ರ ಒದ್ದೆಯಾದರೆ ವೈಪರ್ ಕೆಳಗಿನ ಜಾಲರಿ ತೆಗೆದು ಬೇವಿನ ಎಲೆ ಕೂತಿದೆಯಾ ನೋಡಿ. ಬಾಗಿಲ ತಳದ ಸಣ್ಣ ತೂತುಗಳಿಗೂ ಮಣ್ಣು ಮೆತ್ತಿರುತ್ತದೆ. ಕಡ್ಡಿಯಿಂದ ಬಿಡಿಸಿ.

ಸಣ್ಣಪುಟ್ಟವು

ಹೆಡ್‌ಲೈಟ್ ಹಳದಿಯಾಗಿದ್ದರೆ ಮೇಲೆ ನೀರು ಹಾಕಿ. ಒದ್ದೆಯಾದಾಗ ತಿಳಿಯಾಗಿ ಕಂಡರೆ ಹಾಳಾಗಿರುವುದು ಹೊರಪದರ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ ನಂಬರ್ 1000, 2000, 3000 ಹೀಗೆ ಒಂದಾದ ಮೇಲೊಂದು ಉಜ್ಜಿ ಪಾಲಿಷ್ ಮಾಡಿ, ಕೊನೆಗೆ ಯುವಿ ಲೇಪನ ಹಚ್ಚಲೇಬೇಕು. ಟೂತ್‌ಪೇಸ್ಟ್ ಹೊಳಪು ಹೆಚ್ಚು ದಿನ ನಿಲ್ಲದು. ಒಳಗೆ ಹನಿ ಕಟ್ಟಿದ್ದರೆ ಸೀಲ್ ಹೋಗಿದೆ.

ಭತ್ತದ ಸೀಮೆಯಲ್ಲಿ ಸಂಜೆ ಓಡಿಸಿದರೆ ಮುಂಭಾಗಕ್ಕೆ ಹುಳ ಮೆತ್ತುತ್ತವೆ. ಹಕ್ಕಿ ಹಿಕ್ಕೆಗೂ ಇದಕ್ಕೂ ಒಂದೇ ಉಪಾಯ: ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿ, ಮೆತ್ತಗಾದ ಮೇಲೆ ಎತ್ತಿ. ಬೇಸಿಗೆಯಲ್ಲಿ ಹಿಕ್ಕೆಯನ್ನು ಸಂಜೆಯವರೆಗೆ ಬಿಡಬೇಡಿ, ಬಿಸಿ ಬಣ್ಣದಲ್ಲಿ ಅದರ ಗುರುತು ಉಳಿದುಬಿಡುತ್ತದೆ.

ಬಣ್ಣದ ಮೇಲೆ ಹಚ್ಚಿದ ವ್ಯಾಕ್ಸ್ ಅಥವಾ ಸೀಲೆಂಟಿನ ರಕ್ಷಣೆಯ ಪದರ ಉಳಿದಿದೆಯಾ ಅಂತ ತಿಳಿಯಲು ತೊಳೆದ ಬಾನೆಟ್ ಮೇಲೆ ನೀರು ಚಿಮುಕಿಸಿ. ಗುಂಡುಗುಂಡಾಗಿ ನಿಂತರೆ ಇದೆ, ಚಪ್ಪಟೆಯಾಗಿ ಹರಡಿದರೆ ಹೋಗಿದೆ. ನಮ್ಮ ಬಿಸಿಲಿಗೆ ಸಾದಾ ವ್ಯಾಕ್ಸ್‌ಗಿಂತ ಸಿಂಥೆಟಿಕ್ ಸೀಲೆಂಟ್ ಹೆಚ್ಚು ದಿನ ಬಾಳುತ್ತದೆ. ಚುಕ್ಕೆ, ಬಿಳಿ ಕಲೆ ಎಲ್ಲ ತೆಗೆದ ಮೇಲೆಯೇ ಹಚ್ಚಬೇಕು. ಇಲ್ಲದಿದ್ದರೆ ತುಕ್ಕಿನ ಕಣಕ್ಕೂ ರಕ್ಷಣೆ ಕೊಟ್ಟಂತೆ.

ಗಾಡಿಯ ಹೊಟ್ಟೆ

ಮೇಲೆ ಹೊಳೆಯುವ ಎಷ್ಟೋ ಕಾರುಗಳ ಕೆಳಗೆ ಎರೆಮಣ್ಣು ಹಾಗೇ ಇರುತ್ತದೆ. ಅದು ನೀರು ಕುಡಿದು ಉಬ್ಬಿ, ಚಕ್ರದ ಮೇಲಿನ ಗೂಡಿನಲ್ಲಿ ದಿನಗಟ್ಟಲೆ ಒದ್ದೆ ಹಿಡಿದಿಡುತ್ತದೆ. ತುಕ್ಕಿಗೆ ಇಷ್ಟು ಸಾಕು. ಹೊಲದಿಂದ ಬಂದ ದಿನವೇ, ಒಣಗುವ ಮೊದಲು, ಪೈಪ್ ಹಿಡಿದು ಇಳಿಸಿ. ಒಣಗಿದ ಮೇಲೆ ಅದು ಇಟ್ಟಿಗೆ.

ಸುಗ್ಗಿ ಕಾಲದಲ್ಲಿ ಇನ್ನೊಂದು ಅಪಾಯ. ರಸ್ತೆಯನ್ನೇ ಕಣ ಮಾಡಿ ಜೋಳ, ತೊಗರಿ, ಹುರುಳಿ ಹರವಿರುತ್ತಾರೆ. ಅದರ ಮೇಲೆ ಹಾದಾಗ ಹೊಟ್ಟು, ದಂಟು ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಒಣಹುಲ್ಲು ಸುಟ್ಟ ವಾಸನೆ ಬಂದರೆ ಎಸಿ, ಕ್ಲಚ್ ಅಂತ ಅನುಮಾನಿಸುತ್ತಾ ಮುಂದೆ ಹೋಗಬೇಡಿ. ಹರವಿದ ಪೈರು ದಾಟಿ, ಬರಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ. ಎಲ್ಲರೂ ಕೆಳಗಿಳಿಯಿರಿ. ಬಗ್ಗಿ ನೋಡಿ. ಹೊಗೆ ಇಲ್ಲದಿದ್ದರೆ ಪೈಪ್ ತಣ್ಣಗಾದ ಮೇಲೆ ಕಡ್ಡಿಯಿಂದ ಎಳೆದು ತೆಗೆಯಿರಿ, ಬರಿಗೈ ಬೇಡ. ಹೊಗೆ ಇದ್ದರೆ ಬಾನೆಟ್ ತೆರೆಯಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.